ಬಾವಿಗೆ ಬಿದ್ದ ಭೌತಶಾಸ್ತ್ರ

ಹೋದ ವಾರ ಊರಲ್ಲಿದ್ದೆವು. ಒಂಬತ್ತನೇ ಕ್ಲಾಸಿನ ಮಗ ಪುಸ್ತಕ ಹಿಡಿದು ಬಂದ. ಗಂಟೆಗೆ 54 ಕಿಲೋಮೀಟರ್ ವೇಗದ ಬಸ್ಸಿಗೆ ಡ್ರೈವರ್ ಬ್ರೇಕ್ ಹಾಕ್ತಾನೆ. ವೇಗೋತ್ಕರ್ಷ ಮೈನಸ್ 5, ಅಂದ್ರೆ ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 5 ಮೀಟರಿನಷ್ಟು ಇಳಿಯುತ್ತೆ. ಎಷ್ಟು ದೂರ ಹೋಗಿ ನಿಲ್ಲುತ್ತೆ?

ಇಷ್ಟೇನಾ ಅಂತ ಪೆನ್ನು ಕಿತ್ಕೊಂಡೆ. 54ರ ವರ್ಗ 2916. 5ರ ಎರಡರಷ್ಟು, ಅಂದ್ರೆ 10ರಿಂದ ಭಾಗಿಸಿದರೆ 291.6 ಮೀಟರು.

ಮಗ ಕಿಸಕ್ಕನೆ ನಕ್ಕ. 'ಅಪ್ಪಾ, 54ನ್ನ 3.6ರಿಂದ ಭಾಗಿಸಿ ಸೆಕೆಂಡಿಗೆ 15 ಮೀಟರ್ ಅಂತ ಮಾಡ್ಕೋಬೇಕು. ಉತ್ತರ 22.5.'

'ನಮ್ಮೂರ ಬಸ್ಸು ಸ್ಟಾಪ್ ದಾಟಿ 291 ಮೀಟರ್ ಆಚೆಗೇ ನಿಲ್ಲೋದು. ಓಡಿ ಹತ್ತಿದವನು ನಾನು' ಅಂದೆ.

ಹೋದ ಮರ್ಯಾದೆ ವಾಪಸ್ ಬರಬೇಕಲ್ಲ, ಪ್ರಾಕ್ಟಿಕಲ್ ಮಾಡೋಣ ಅಂತ ಹಿತ್ತಲ ಬಾವಿಗೆ ಕರ್ಕೊಂಡು ಹೋದೆ. ಕಲ್ಲು ಬಿಡೋದು, ಡುಬಕ್ ಅನ್ನೋ ತನಕ ಎಷ್ಟು ಸೆಕೆಂಡು ಅಂತ ನೋಡೋದು. ಅದರ ವರ್ಗವನ್ನು 4.9ರಿಂದ ಗುಣಿಸಿದರೆ ನೀರು ಎಷ್ಟು ಕೆಳಗಿದೆ ಅಂತ ಗೊತ್ತಾಗುತ್ತೆ. ಒಂದು ಕೈಲಿ ಕಲ್ಲು, ಇನ್ನೊಂದು ಕೈಲಿ ಮೊಬೈಲ್. ಬಿಟ್ಟೆ. ಸರಿಯಾಗಿ 2 ಸೆಕೆಂಡು. 19.6 ಮೀಟರ್, ಅಂದ್ರೆ 64 ಅಡಿ!

ಬಿಂದಿಗೆ ಬೆಳಗ್ತಿದ್ದ ಅಮ್ಮ ತಲೆ ಎತ್ತಿದಳು. 'ಹಗ್ಗ ಇರೋದೇ ಐದು ಮಾರು ಕಣೋ. ನೀರು ಮುಟ್ಟಿ ಕೈಲಿ ಇನ್ನೂ ಮಿಗುತ್ತೆ.'

ಐದು ಮಾರು ಅಂದ್ರೆ ಸುಮಾರು 30 ಅಡಿ. ಗುರುತ್ವದ್ದೇನೂ ತಪ್ಪಿಲ್ಲ, ತಪ್ಪು ನನ್ನ ಹೆಬ್ಬೆರಳಿಂದು. ಡುಬಕ್ ಅಂದ ಮೇಲೆ ಕನ್ನಡಕ ಏರಿಸಿ, ಬಟನ್ ಹುಡುಕಿ ಒತ್ತಿದ್ದೆ. ಸಮಯದ ವರ್ಗ ಅಲ್ವಾ, ಮುಕ್ಕಾಲು ಸೆಕೆಂಡು ತಡ ಮಾಡಿದ್ದಕ್ಕೆ ಬಾವಿ ಸುಮ್ನೆ ಎರಡು ಪಟ್ಟಿಗಿಂತ ಜಾಸ್ತಿ ಆಳ ಆಗಿಬಿಟ್ಟಿತ್ತು. ಕೂಲಿಯಿಲ್ಲದೆ ಇಷ್ಟು ಬೇಗ ಬಾವಿ ತೋಡಿದವರು ಇರಲಿಕ್ಕಿಲ್ಲ.

ಎರಡನೇ ಸಲ ಮೊಬೈಲ್ ಮಗನಿಗೆ ಕೊಟ್ಟೆ. ಇನ್ನೊಂದು ಕಲ್ಲು ತಗೊಂಡು ಬಾವಿಕಟ್ಟೆ ಮೇಲೆ ಬಗ್ಗಿದೆ. ಕಲ್ಲು ಕೈಲೇ ಇತ್ತು. ಅಂಗಿ ಜೇಬಿನಿಂದ ಕಾರಿನ ಕೀ ಜಾರಿತು. ಆರಂಭಿಕ ವೇಗ ಸೊನ್ನೆ, ವೇಗೋತ್ಕರ್ಷ 9.8, ಎಲ್ಲಾ ಪುಸ್ತಕದಲ್ಲಿ ಇದ್ದ ಹಾಗೇ.

ಡುಬಕ್.

'1.3 ಸೆಕೆಂಡು!' ಮಗ ಕುಣಿದಾಡಿದ. ಅಲ್ಲೇ ಲೆಕ್ಕ ಹಾಕಿದ. '8.3 ಮೀಟರ್, 27 ಅಡಿ! ಮಿಕ್ಕಿದ ಮೂರಡಿ ಅಜ್ಜಿ ಕೈಲಿರೋ ಹಗ್ಗ. ಸರಿ ಬಂತಲ್ಲಪ್ಪಾ!'

ಅಮ್ಮ ಮಾತಾಡದೆ ಎದ್ದು, ಕೊಟ್ಟಿಗೆಯಿಂದ ಪಾತಾಳಗರಡಿ ತಂದಳು.