ಫೇಲಾದ ಪೇಪರಿಗೆ ಪಾಸ್ ಸರ್ಟಿಫಿಕೇಟು

ಹೋಟೆಲ್ ಅಂದ್ರೆ ನಮಗೆ ಇಡ್ಲಿ, ವಡೆ, ಬೈ-ಟು ಕಾಫಿ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದವರಿಗೆ ಹೋಟೆಲ್ ಅಂದ್ರೆ ಕರೆಯುವ ಹಸು. ಮೇವು ಹಾಕುವವರು ಟೂರಿಸ್ಟರು, ಹಾಲು ಊರಿನವರಿಗೆ. ರೂಮಿನ ತೆರಿಗೆ ಏರಿಸಬೇಕೋ ಬೇಡವೋ ಅಂತ ಮತ ಹಾಕುವವರೂ ಊರಿನವರೇ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

2020ರ ಮಾರ್ಚ್ 3ರಂದು ಈ ಜಾತ್ರೆಗೆ ಮತದಾನ ನಡೆಯಿತು. ಹೆಸರು ‘ಮೆಷರ್ ಸಿ’. ಬಂದ ದುಡ್ಡಿನಲ್ಲಿ ಕನ್ವೆನ್ಷನ್ ಸೆಂಟರ್ (ದೊಡ್ಡ ದೊಡ್ಡ ಸಮ್ಮೇಳನ, ಮೇಳ ನಡೆಯುವ ಕಟ್ಟಡ) ದೊಡ್ಡದು ಮಾಡುವುದು, ಮನೆಯಿಲ್ಲದವರಿಗೆ ನೆರವು, ರಸ್ತೆ ರಿಪೇರಿ. ಪಾಸಾಗಲು ಮೂರರಲ್ಲಿ ಎರಡು ಪಾಲು ಮತ ಬೇಕು ಅಂತ ಮೊದಲೇ ಹೇಳಿದ್ದರು. ಬಂದದ್ದು ಶೇಕಡಾ 65.24. ಒಂದೂವರೆ ಮಾರ್ಕ್ಸಿಗೆ ಢಮಾರ್! (ಕಂಡವರ ಜೇಬಿಗೆ ಕೈ ಹಾಕುವುದಕ್ಕೂ ಮೂರರಲ್ಲೊಬ್ಬರು ಬೇಡ ಅಂದರಲ್ಲ, ಆ ಪುಣ್ಯಾತ್ಮರಿಗೆ ನಮಸ್ಕಾರ.)

ನಮ್ಮ ಹುಡುಗರಾಗಿದ್ರೆ ರೀವ್ಯಾಲ್ಯುಯೇಷನ್‌ಗೆ ಹಾಕುತ್ತಿದ್ದರು. ಸಿಟಿ ಕೌನ್ಸಿಲ್ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. 2021ರ ಏಪ್ರಿಲ್‌ನಲ್ಲಿ ಸಭೆ ಸೇರಿ, ‘ನಾವು ಪಾಸ್’ ಅಂದುಬಿಟ್ಟಿತು. ಮಾರ್ಕ್ಸ್ ಏರಲಿಲ್ಲ, ಪಾಸಿಂಗ್ ಮಾರ್ಕ್ಸೇ ಇಳಿಯಿತು. ಹೀಗೆ ಇಂತಿಂಥ ಕೆಲಸಕ್ಕೇ ಅಂತ ಸರ್ಕಾರ ತಂದ ತೆರಿಗೆಗೆ ಮೂರರಲ್ಲಿ ಎರಡು ಪಾಲು ಬೇಕಂತೆ. ಜನರೇ ಸಹಿ ಮಾಡಿಸಿ ತಂದದ್ದಾದರೆ ಅರ್ಧಕ್ಕಿಂತ ಒಂದು ಮತ ಜಾಸ್ತಿ ಬಂದರೂ ಸಾಕಂತೆ. ಸರಿ, ಇದನ್ನು ತಂದದ್ದು ಜನರೋ, ಜನರ ವೇಷ ಹಾಕಿದ ಪಾಲಿಕೆಯೋ? ಈ ಒಂದು ಪ್ರಶ್ನೆ ಕೋರ್ಟಿನಿಂದ ಕೋರ್ಟಿಗೆ ಹೋಗಿ, ವಾಪಸ್ ಬಂದು, ಮತ್ತೆ ವಿಚಾರಣೆಯಾಗಿ ವರ್ಷಗಟ್ಟಲೆ ತಿಂದಿತು.

ಇದರ ನಡುವೆ ಒಂದು ತಮಾಷೆ. ಮತ ಹಾಕಿ ಎರಡು ವಾರಕ್ಕೆ ಕೊರೊನಾ ಬೀಗ ಬಿತ್ತು. ಹೋಟೆಲುಗಳೂ ಖಾಲಿ, ಕನ್ವೆನ್ಷನ್ ಸೆಂಟರೂ ಖಾಲಿ. ಪ್ರತಿ ವರ್ಷ ಕಾಮಿಕ್-ಕಾನ್ ಅನ್ನೋ ಕಾಮಿಕ್ಸ್ ಮೇಳಕ್ಕೆ ಸೂಪರ್‌ಮ್ಯಾನ್ ವೇಷದವರು ಕಿಕ್ಕಿರಿಯುತ್ತಿದ್ದ ಹಾಲ್‌ನಲ್ಲಿ 2020ರ ಏಪ್ರಿಲ್‌ನಲ್ಲಿ ಸಾಲು ಸಾಲು ಮಂಚ ಹಾಕಿ ಮನೆಯಿಲ್ಲದವರನ್ನು ಮಲಗಿಸಿದರು. ಸುಮಾರು ಒಂದು ವರ್ಷ. ಕಟ್ಟಡಕ್ಕೆ ಒಂದು ಪಾಲು, ಮನೆಯಿಲ್ಲದವರಿಗೆ ಇನ್ನೊಂದು ಪಾಲು ಅಂತ ಕಾಗದದ ಮೇಲೆ ಲೆಕ್ಕ ಹಾಕಿದ್ದ ತೆರಿಗೆ ಹುಟ್ಟುವ ಮೊದಲೇ, ಎರಡೂ ಒಂದೇ ಸೂರಿನಡಿ ಸೇರಿದ್ದವು.

ಕೊನೆಗೂ ಕೋರ್ಟು ‘ಜನರೇ ತಂದದ್ದು’ ಅಂದಿತು, 2025ರ ಮೇ 1ರಿಂದ ತೆರಿಗೆ ಏರಿತು. ಮೊದಲು ಶೇಕಡಾ 10.5 ಇತ್ತು. ಈಗ ದೂರದ ಹೋಟೆಲಿಗೆ 11.75, ನಡುವಿನದಕ್ಕೆ 12.75, ಕನ್ವೆನ್ಷನ್ ಸೆಂಟರಿನ ಆಸುಪಾಸಿನಲ್ಲಿದ್ದರೆ 13.75. ಒಲೆ ಹತ್ತಿರ ಕೂತವರಿಗೆ ಕಾವು ಜಾಸ್ತಿ, ಅಲ್ವಾ? ಅಲ್ಲಿ ರಾತ್ರಿಗೆ 200 ಡಾಲರಿನ ರೂಮು ಹಿಡಿದರೆ, ಮೊದಲು 21 ಡಾಲರ್ ಇದ್ದ ತೆರಿಗೆ ಈಗ 27.50.

‘ನಾನು ಈ ಊರಿನವನಲ್ಲ, ಮತ ಹಾಕಿಲ್ಲ, ನಾನ್ಯಾಕೆ ಕೊಡಲಿ?’ ಅಂತ ಕೌಂಟರಿನಲ್ಲಿ ತಗಾದೆ ತೆಗೆಯಬೇಡಿ. ಅದಕ್ಕೂ ಕಾನೂನಿನಲ್ಲಿ ದಾರಿ ಇದೆ. ಈ ತೆರಿಗೆ ತಿಂಗಳೊಳಗೆ ಖಾಲಿ ಮಾಡುವವರಿಗೆ ಮಾತ್ರ. ಇಪ್ಪತ್ತೇಳೂವರೆ ಡಾಲರ್ ಉಳಿಸಬೇಕಾ? ಇನ್ನೊಂದು ಇಪ್ಪತ್ತೊಂಬತ್ತು ದಿನ ಅಲ್ಲೇ ಇದ್ದುಬಿಡಿ.