ಡ್ಯಾಶ್‌ಬೋರ್ಡ್ ಹಸಿರಾಗಿದೆ, ಲೆಕ್ಕ ಮಾತ್ರ ಕೇಳ್ಬೇಡಿ

ಮೊದಲು ಎಲ್ಲರಿಗೂ ಅಭಿನಂದನೆ. ಶಾಲೇಲಿ ಭಾಷೆ, ಗಣಿತ ಕಲಿಸೋಕೆ ಸಾಫ್ಟ್‌ವೇರ್ ಹಾಕಿದ್ವಲ್ಲ, ಮಕ್ಕಳಿಗೆ ಭಾಷೆ ಬಂತು, ಗಣಿತಾನೂ ಬಂತು. ಯಾರು ಹೇಳಿದ್ರು ಅಂತ ಕೇಳ್ಬೇಡಿ, ಅದರ ಡ್ಯಾಶ್‌ಬೋರ್ಡ್ ಹೇಳ್ತು, ಅಂದ್ರೆ ಮಕ್ಕಳ ಪ್ರಗತೀನ ಬಣ್ಣದ ಚೌಕಗಳಲ್ಲಿ ತೋರಿಸೋ ಪರದೆ. ಹೋದ ತಿಂಗಳು ಕೆಂಪಗಿದ್ದ ಚೌಕಗಳೆಲ್ಲ ಈ ತಿಂಗಳು ಹಸಿರಾಗಿವೆ, ಒಂದೆರಡು ಹಳದಿ ಇದ್ವು, ಅವೂ ಮೀಟಿಂಗ್ ಶುರುವಾಗೋಷ್ಟರಲ್ಲಿ ಹಸಿರಾದ್ವು, ಇಷ್ಟಾದ್ಮೇಲೂ ಯಾರಾದ್ರೂ ಒಂದು ಮಗೂನ ಕರೆದು ಐವತ್ತೆರಡರಲ್ಲಿ ಹದಿನೇಳು ಕಳಿ ಅಂತ ಕೇಳಿದ್ರೆ ಅವರು ಪ್ರಗತಿ ವಿರೋಧಿಗಳು ಅಷ್ಟೇ.

ಆದ್ರೂ ಒಂದ್ಸಲ ಸ್ಕ್ರೀನ್ ಹತ್ರ ಹೋಗಿ ನೋಡೋಣ. ಪ್ರಶ್ನೆ ಬಂತು: 52 - 17. ಕೆಳಗೆ ನಾಲ್ಕು ಆಯ್ಕೆ, 45, 69, 35, 34. ಮಗು 45 ಒತ್ತುತ್ತೆ. ಸ್ಕ್ರೀನ್ ಗಡಗಡ ಅಂತ ಅಲ್ಲಾಡುತ್ತೆ, ಮೂಲೇಲಿರೋ ಆನೆಮರಿ "ಪರವಾಗಿಲ್ಲ, ಮತ್ತೆ ಟ್ರೈ ಮಾಡು" ಅನ್ನುತ್ತೆ. ಮಗು 69 ಒತ್ತುತ್ತೆ, ಮತ್ತೆ ಗಡಗಡ. 35 ಒತ್ತುತ್ತೆ, ಆಗ ನೋಡಿ ಹಬ್ಬ, ಬಣ್ಣದ ಕಾಗದ ಉದುರುತ್ತೆ, ತುತ್ತೂರಿ ಊದುತ್ತೆ, ಆನೆಮರಿ ಕುಣಿಯುತ್ತೆ, "ಛಲಗಾರ" ಅಂತ ಒಂದು ಬ್ಯಾಡ್ಜು ಬೇರೆ. ರಿಪೋರ್ಟಲ್ಲಿ ಏನು ಬರುತ್ತೆ? ಕಳೆಯುವ ಕೌಶಲ: ಪೂರ್ಣಗೊಂಡಿದೆ. ಇನ್ನೂ ಒಂದು ಆಯ್ಕೆ ಬಾಕಿ ಇತ್ತು ಪಾಪ, ಅದನ್ನ ಒತ್ತೋ ಅವಕಾಶಾನೇ ಸಿಗಲಿಲ್ಲ.

ಆ ಮಗು ಮೊದಲು ಒತ್ತಿದ 45 ಸುಮ್ನೆ ಗಾಳಿಗೆ ಗುಂಡು ಹೊಡೆದಿದ್ದಲ್ಲ ಅನ್ನೋದು ಇಲ್ಲಿ ಮುಖ್ಯ. ಎರಡರಲ್ಲಿ ಏಳು ಹೋಗಲ್ಲ, ಹಾಗಾಗಿ ಏಳರಲ್ಲೇ ಎರಡು ಕಳೆದಿದೆ, ಐದು. ಆಮೇಲೆ ಐದರಲ್ಲಿ ಒಂದು, ನಾಲ್ಕು. ಅದಕ್ಕೊಂದು ಲಾಜಿಕ್ ಇದೆ, ತಪ್ಪು ಲಾಜಿಕ್, ಆದ್ರೆ ಪ್ರತಿ ಲೆಕ್ಕಕ್ಕೂ ಅದನ್ನೇ ತಪ್ಪದೆ ಹಾಕ್ತಿದೆ. ದಶಕ ಬಿಡಿಸಿ ತರೋದು ಗೊತ್ತಿಲ್ಲ ಅಷ್ಟೇ, ಒಂದು ಸ್ಲೇಟು ಹಿಡ್ಕೊಂಡು ಪಕ್ಕದಲ್ಲಿ ಕೂತ್ರೆ ತಿದ್ದಬಹುದು. ಇಂಥ ತಪ್ಪುಗಳನ್ನ ಕಂಪ್ಯೂಟರಿಂದಾನೇ ಕಂಡುಹಿಡೀಬಹುದು ಅಂತ ಜಾನ್ ಸೀಲಿ ಬ್ರೌನ್, ರಿಚರ್ಡ್ ಬರ್ಟನ್ ಅನ್ನೋ ಸಂಶೋಧಕರಿಬ್ರು 1978ರಲ್ಲೇ ತೋರ್ಸಿದ್ರು, ಮಗು ಕೊಟ್ಟ ತಪ್ಪು ಉತ್ತರಗಳಿಂದ ಅದರ ತಲೇಲಿರೋ ತಪ್ಪು ನಿಯಮ ಯಾವ್ದು ಅಂತ ಹಿಂದಕ್ಕೆ ಹುಡುಕೋ ಕೆಲ್ಸ ಅದು. ಆಗಿನ ಕಂಪ್ಯೂಟರಲ್ಲಿ ಆಗಿತ್ತು. ಈಗಿನದ್ರಲ್ಲಿ ಆನೆಮರಿ ಕುಣಿಸೋದಕ್ಕೇ ಮೆಮೊರಿ ಸಾಲ್ತಿಲ್ಲ ಅನ್ಸುತ್ತೆ.

ಮಕ್ಕಳು ಏನೂ ಕಲೀತಿಲ್ಲ ಅಂತ ನಾನು ಹೇಳ್ತಿಲ್ಲ, ಖಂಡಿತ ಕಲೀತಿದಾರೆ. ಹಿಂಟ್ ಬಟನ್ ಒತ್ತಿದ್ರೆ ಮೊದಲು ಉಪದೇಶ ಬರುತ್ತೆ, ಎರಡನೇ ಸಲಕ್ಕೆ ಇನ್ನೊಂಚೂರು ಬಿಡಿಸಿ ಹೇಳುತ್ತೆ, ಒತ್ತುತ್ತಾ ಹೋದ್ರೆ ಕೊನೆಗೆ ಉತ್ತರಾನೇ ಹೊರಗೆ ಬೀಳುತ್ತೆ ಅಂತ ಯಾವ ಪಾಠಾನೂ ಇಲ್ದೆ ಎರಡೇ ದಿನದಲ್ಲಿ ಕಂಡ್ಕೊಂಡಿದಾರೆ. ರಯನ್ ಬೇಕರ್ ಅನ್ನೋ ಸಂಶೋಧಕರು ಮತ್ತು ಜೊತೆಗಾರರು 2004ರಲ್ಲಿ ಇದನ್ನೇ ಕ್ಲಾಸಲ್ಲಿ ಕೂತು ಗಮನಿಸಿ ಬರೆದ್ರು, ಹೀಗೆ ಸಿಸ್ಟಮ್ಮನ್ನ ಆಟ ಆಡಿಸೋ ಮಕ್ಕಳು ಉಳಿದವರಿಗಿಂತ ಕಮ್ಮಿ ಕಲಿತಿದ್ರು. ಗಣಿತ ಕಮ್ಮಿ ಅಂತ ಓದ್ಕೊಳ್ಳಿ. ಮುಂದೆ ಇವರೇ ಒಳ್ಳೆ ಪ್ರಾಡಕ್ಟ್ ಮ್ಯಾನೇಜರ್ ಆಗ್ತಾರೆ ಬಿಡಿ.

ಭಾಷೆ ಕಡೆ ಬಂದ್ರೆ ಕಥೆ ಇನ್ನೂ ಚೆನ್ನಾಗಿದೆ. ಮಗು ಒಂದು ವಾಕ್ಯ ಸ್ವಂತವಾಗಿ ಬರೆದ್ರೆ ಅದಕ್ಕೆ ಮಾರ್ಕ್ಸ್ ಹಾಕೋದು ಸಾಫ್ಟ್‌ವೇರಿಗೆ ಕಷ್ಟ, ಹಾಗಾಗಿ ಮಗು ವಾಕ್ಯ ಬರೆಯೋದನ್ನೇ ನಿಲ್ಲಿಸಿದ್ವಿ. ಬಿಟ್ಟ ಸ್ಥಳ ತುಂಬಿದ್ರೆ ಸಾಕು. "ನಾಯಿ ಮರದ ____ ಮಲಗಿದೆ." ಮಗು "ಅಡಿಯಲ್ಲಿ" ಅಂತ ಹಾಕ್ತು. ತಪ್ಪು! ಸರಿ ಉತ್ತರ: "ಕೆಳಗೆ". ನಾಯಿಗೆ ಏನೂ ಬೇಜಾರಿರಲಿಲ್ಲ, ಅಡಿಯಲ್ಲೂ ಅಷ್ಟೇ ಸುಖವಾಗಿ ನಿದ್ದೆ ಮಾಡ್ತಿತ್ತು, ಆದ್ರೆ ಕೀಲಿ ಉತ್ತರ ಬರೆದವರಿಗೆ ಒಂದೇ ಪದ ಹೊಳೆದಿತ್ತು. ಆಮೇಲೆ ಗಟ್ಟಿ ಓದು. ಮೈಕಿಗೆ ಓದ್ಬೇಕು, ನಿಮಿಷಕ್ಕೆ ಎಷ್ಟು ಪದ ಅಂತ ಮೀಟರ್ ಓಡುತ್ತೆ. ಮಗು ಅಲ್ಪವಿರಾಮ ಪೂರ್ಣವಿರಾಮ ಎಲ್ಲಾ ತುಳ್ಕೊಂಡು ಉಸಿರು ಬಿಡದೆ ಓಡುತ್ತೆ, ಐದಕ್ಕೆ ಐದು ನಕ್ಷತ್ರ. ಕಥೇಲಿ ಏನಾಯ್ತು ಪುಟ್ಟಾ? ಅದು ಈ ಮಾಡ್ಯೂಲಲ್ಲಿ ಇಲ್ಲ.

ಈ ಕೀಲಿ ಉತ್ತರದ ರೋಗ ಇವತ್ತಿನದಲ್ಲ. 1973ರಲ್ಲಿ ಸ್ಟ್ಯಾನ್ಲಿ ಅರ್ಲ್‌ವ್ಯಾಂಗರ್ ಅನ್ನೋ ಸಂಶೋಧಕರು ಬೆನ್ನಿ ಅನ್ನೋ ಹುಡುಗನ ಬಗ್ಗೆ ಬರೆದ್ರು. ಹನ್ನೆರಡು ವರ್ಷ, ಆರನೇ ಕ್ಲಾಸು. ಪ್ರತಿ ಮಗುವೂ ತನ್ನದೇ ವೇಗದಲ್ಲಿ ಹಾಳೆ ತುಂಬಿ, ಕೀಲಿ ನೋಡಿ ಪಾಸಾಗಿ ಮುಂದೆ ಹೋಗೋ ಕಾರ್ಯಕ್ರಮ ಅದು, ಆಗ ಕಾಗದದಲ್ಲಿತ್ತು. ಬೆನ್ನಿ ಅದ್ರಲ್ಲಿ ಜಾಣ ಅಂತಾನೇ ಲೆಕ್ಕ, ಸರಸರ ಮುಂದೆ ಹೋಗ್ತಿದ್ದ. ಕೂರಿಸಿ ಮಾತಾಡ್ಸಿದ್ರೆ ಹುಡುಗ 2/10 ಅಂದ್ರೆ 1.2 ಅಂತಿದ್ದ, ಮೇಲಿಂದು ಕೆಳಗಿಂದು ಕೂಡಿಸಿ ಎಲ್ಲಾದ್ರೂ ಒಂದು ಚುಕ್ಕಿ ಇಡೋದೇ ಅವನ ನಿಯಮ. 4/11 ಕೂಡ 1.5, 11/4 ಕೂಡ 1.5. ಗಣಿತ ಅಂದ್ರೆ ಯಾರೋ ಎಲ್ಲೋ ಮಾಡಿಟ್ಟ ನೂರೆಂಟು ನಿಯಮ, ನಮ್ಮ ಕೆಲ್ಸ ಕೀಲಿಯಲ್ಲಿರೋ ಉತ್ತರ ಹೊಂದಿಸೋದು ಅಂತ ಅವನು ತೀರ್ಮಾನ ಮಾಡಿದ್ದ. ತಪ್ಪೇನು ಹೇಳಿ, ಅವನಿಗೆ ಕಲಿಸಿದ್ದೇ ಅದು. ನಾವು ಮಾಡಿರೋ ಸುಧಾರಣೆ ಏನಪ್ಪಾ ಅಂದ್ರೆ ಆ ಕಾಗದಕ್ಕೆ ಬ್ಯಾಟರಿ ಹಾಕಿದೀವಿ.

ಮತ್ತೆ ಜಾಹೀರಾತಲ್ಲಿ "ಸಾಬೀತಾಗಿದೆ" ಅಂತ ಹಾಕ್ತಾರಲ್ಲ ಅಂತೀರಾ? ಅದರ ಪಕ್ಕದಲ್ಲಿರೋ ನಕ್ಷತ್ರ ಚಿಹ್ನೆ ಹಿಡ್ಕೊಂಡು ಕೆಳಗೆ ಇಳೀರಿ, ಇರುವೆ ಅಕ್ಷರದಲ್ಲಿ "ಸೂಚಿಸಿದ ಪ್ರಮಾಣದಲ್ಲಿ ಬಳಸಿದ ವಿದ್ಯಾರ್ಥಿಗಳಲ್ಲಿ" ಅಂತಿರುತ್ತೆ. ಲಾರೆನ್ಸ್ ಹೋಲ್ಟ್ ಅನ್ನೋರು 2024ರಲ್ಲಿ ಆನ್‌ಲೈನ್ ಗಣಿತ ಪ್ರೋಗ್ರಾಂಗಳ ಇಂಥ ಅಧ್ಯಯನಗಳನ್ನ ಬಿಚ್ಚಿ ನೋಡಿದ್ರೆ, ಹಾಗೆ ಸೂಚಿಸಿದಷ್ಟು ಬಳಸಿದ ಮಕ್ಕಳು ಸುಮಾರು 5 ಪರ್ಸೆಂಟ್. ಮಿಕ್ಕ 95 ಲೆಕ್ಕಕ್ಕೇ ಇಲ್ಲ. ದಿನಾ ತಪ್ಪದೆ ಬಂದ ನಾಲ್ಕು ಜನರ ತೂಕ ನೋಡಿ, ನಮ್ಮ ಜಿಮ್ಮಿಂದ ಊರಿಗೆ ಊರೇ ಸಣ್ಣಗಾಯ್ತು ಅಂತ ಬೋರ್ಡ್ ಹಾಕಿದ ಹಾಗೆ. ಆ 5 ಪರ್ಸೆಂಟ್ ಮಕ್ಕಳು ಹೇಳಿದ್ದನ್ನೆಲ್ಲ ಹೇಳಿದ ಟೈಮಿಗೆ ಮಾಡೋ ಜಾತಿ, ಅವರ ಕೈಗೆ ಮಗ್ಗಿ ಪುಸ್ತಕ ಕೊಟ್ಟಿದ್ರೂ ಕಲೀತಿದ್ರು ಅನ್ನೋದು ನನ್ನ ಅನುಮಾನ. ಎಲ್ಲರನ್ನೂ ಸೇರಿಸಿ ಎಣಿಸಿದ್ರೆ ಏನಾಗುತ್ತೆ ಅಂತಾನೂ ನೋಡಿದಾರೆ. ಅಮೆರಿಕದ ಶಿಕ್ಷಣ ಇಲಾಖೆ 2007ರಲ್ಲಿ ಓದು ಮತ್ತು ಗಣಿತದ ಸಾಫ್ಟ್‌ವೇರುಗಳ ಮೇಲೆ ದೊಡ್ಡ ಅಧ್ಯಯನ ಹೊರತಂತು, ಬಳಸಿದ ಕ್ಲಾಸಿಗೂ ಬಳಸದ ಕ್ಲಾಸಿಗೂ ಅಂಕದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. ಆ ವರದಿಗೆ ಬ್ಯಾಡ್ಜ್ ಇರಲಿಲ್ಲ, ಯಾರೂ ಓದಲಿಲ್ಲ.

ನ್ಯಾಯವಾಗಿ ಹೇಳ್ಬೇಕಂದ್ರೆ ಕೆಲ್ಸ ಮಾಡಿದ್ದೂ ಇದೆ. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಅನ್ನೋ ಕಲಿಕೆ ಸಾಫ್ಟ್‌ವೇರ್ ಬಗ್ಗೆ ಮಾಡಿದ ಅಧ್ಯಯನ 2019ರಲ್ಲಿ ಪ್ರಕಟವಾಯ್ತು, ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಮಕ್ಕಳು ಚೆನ್ನಾಗೇ ಮುಂದೆ ಬಂದಿದ್ರು. ಅಲ್ಲಿ ಮಕ್ಕಳು ಗಣಿತದಲ್ಲಿ ತಮ್ಮ ತರಗತಿಗಿಂತ ತುಂಬಾ ಹಿಂದಿದ್ರು, ಸಾಫ್ಟ್‌ವೇರು ಅವರು ಯಾವ ಮೆಟ್ಟಿಲಲ್ಲಿ ನಿಂತಿದಾರೋ ಅಲ್ಲಿಂದಾನೇ ಶುರು ಮಾಡ್ತು, ಜೊತೆಗೆ ಚಿಕ್ಕ ಗುಂಪಿಗೆ ಪಾಠ ಹೇಳೋಕೆ ಒಬ್ಬ ಮನುಷ್ಯನೂ ಇದ್ದ. ಇದನ್ನ ಓದಿದ ನಮ್ಮ ಖರೀದಿ ಸಮಿತಿಗಳು ಮುಖ್ಯವಾದ ಪಾಠ ಕಲಿತ್ವು: ಟ್ಯಾಬ್ಲೆಟ್ ತರಿಸ್ಬೇಕು. ಆ ಮೆಟ್ಟಿಲು, ಆ ಮನುಷ್ಯ, ಇವೆಲ್ಲ ಎರಡನೇ ಹಂತದಲ್ಲಿ ನೋಡೋಣ.

ಮನುಷ್ಯ ಅಂದ್ರೆ ಮೇಷ್ಟ್ರು ಇದ್ದೇ ಇದಾರಲ್ಲ ಅಂತೀರಿ. ಇದಾರೆ, ಆದ್ರೆ ಅವರು ಬಿಜಿ. ಪೀರಿಯಡ್ಡಿನ ಮೊದಲರ್ಧ ಮರೆತುಹೋದ ಪಾಸ್‌ವರ್ಡ್ ರೀಸೆಟ್ ಮಾಡೋದ್ರಲ್ಲಿ ಹೋಗುತ್ತೆ (ಸರಿಯಾಗಿ ಓದೋಕೆ ಬರದ ಮಗುವಿಗೆ ದೊಡ್ಡಕ್ಷರ, ಸಣ್ಣಕ್ಷರ, ಒಂದು ಅಂಕಿ, ಒಂದು ವಿಶೇಷ ಚಿಹ್ನೆ ಇರೋ ಪಾಸ್‌ವರ್ಡ್, ಅದೂ ಇಂಗ್ಲಿಷಲ್ಲಿ), ಉಳಿದರ್ಧ ಯಾರ್ಯಾರು ಲಾಗಿನ್ ಆಗಿಲ್ಲ ಅಂತ ಮೇಲಿನವರಿಗೆ ಲಿಸ್ಟ್ ಕಳಿಸೋದ್ರಲ್ಲಿ. 45 ಎಲ್ಲಿಂದ ಬಂತು ಅಂತ ಕೇಳೋಕೆ ಅವರಿಗೆ ಪುರುಸೊತ್ತು ಎಲ್ಲಿ?

ಇಷ್ಟೆಲ್ಲಾ ಆಗಿಯೂ ವರ್ಷದ ಕೊನೇಲಿ ಪೆನ್ನು ಪೇಪರ್ ಪರೀಕ್ಷೇಲಿ ಮಕ್ಕಳು ಹಾಗೇ ಇದ್ರು. ಸಮಿತಿ ತುರ್ತಾಗಿ ಕೂತು ಗಂಭೀರವಾಗಿ ಕಾರಣ ಹುಡುಕಿದೆ. ಡೋಸ್ ಸಾಲ್ಲಿಲ್ಲವಂತೆ. ಮುಂದಿನ ವರ್ಷದಿಂದ ಸ್ಕ್ರೀನ್ ಮುಂದಿನ ಸಮಯ ಡಬಲ್, ಮತ್ತೆ ಆ ಎಕ್ಸ್‌ಟ್ರಾ ಸಮಯಾನ ಎಲ್ಲಿಂದ ತರೋದು ಅಂತ ಯಾರೂ ತಲೆ ಕೆಡಿಸ್ಕೋಬೇಕಾಗಿಲ್ಲ, ಗಣಿತದ ಪೀರಿಯಡ್ ಇದ್ಯಲ್ಲ, ಅದನ್ನ ತೆಗೀತಾರಂತೆ.