ಮೂರು ಸಲ ಕೂಗಿದರೂ ಊರು ಬರಲಿಲ್ಲ

ತಂಗಿಯ ಮಗಳು ಕಾನೂನು ಪದವಿ ಮುಗಿಸಿ ಎರಡು ವರ್ಷವಾಯಿತು. ಬಾಲರಾಜ ಅರಸ್ ರಸ್ತೆಯ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಇದ್ದಾಳೆ. ಮೊನ್ನೆ ಭಾನುವಾರ ಜಡಿಮಳೆಯಲ್ಲಿ ಸ್ಕೂಟರ್ ಓಡಿಸಿಕೊಂಡು ಮನೆಗೆ ಬಂದವಳು ರೇನ್‌ಕೋಟ್ ಬಿಚ್ಚುವ ಮೊದಲೇ ಕೇಳಿದಳು: “ಮಾವ, ಒಂದು ನಗರಾಡಳಿತದಲ್ಲಿ ಕಾನೂನು ಅಧಿಕಾರಿಯ ಕೆಲಸ ಇದೆಯಂತೆ. ಅರ್ಜಿ ಹಾಕಲೇ?”

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿಯ ಉತ್ತರ ಬಂತು. “ಕಪ್ಪು ಕೋಟು ಹಾಕುವಂತಿಲ್ಲ, ಜಡ್ಜ್ ಎದುರು ನಿಂತು ಮಾತಾಡುವಂತಿಲ್ಲ. ಅದೂ ಒಂದು ವಕೀಲಿಕೆಯೇ? ಅದಕ್ಕಿಂತ ಬ್ಯಾಂಕಿನ ಪರೀಕ್ಷೆ ಕಟ್ಟು.”

ಅವಳು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಪೂರ್ಣಾವಧಿ ಸಂಬಳಕ್ಕೆ ಸೇರಿದವರು ವಕೀಲಿಕೆ ನಡೆಸುವಂತಿಲ್ಲ ಎನ್ನುವುದು ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದ ತಿರುಳು. ನಗರಾಡಳಿತದ ಪರವಾಗಿ ಕೋರ್ಟಿನಲ್ಲಿ ವಾದಿಸುವವರು ಸಾಮಾನ್ಯವಾಗಿ ಪ್ಯಾನೆಲ್ ವಕೀಲರು. ಕೇಸಿಗಿಷ್ಟು ಎಂದು ಶುಲ್ಕ ಪಡೆಯುವ ಹೊರಗಿನವರು. ಒಳಗೆ ಮೇಜು ಹಾಕಿಕೊಂಡು ಕೂರುವ ಕಾನೂನು ಅಧಿಕಾರಿ ಪತ್ರಿಕೆಯಲ್ಲಿ ಕಾಣುವುದಿಲ್ಲ, ಮದುವೆ ಮನೆಯಲ್ಲಿ ಯಾರೂ ಅವರನ್ನು “ಲಾಯರ್ ಸಾಹೇಬರೇ” ಎಂದು ಕರೆಯುವುದಿಲ್ಲ. ಆದರೆ ಆ ಮೇಜಿನಲ್ಲಿ ಯಾರೂ ಇಲ್ಲದಿದ್ದರೆ ಏನಾಗುತ್ತದೆ ಎಂದು ನಾನು ಹತ್ತಿರದಿಂದ ಕಂಡಿದ್ದೇನೆ. ಅದೂ ಎದುರು ಪಕ್ಷದಲ್ಲಿ ನಿಂತು.

ನಾನು ವಕೀಲನಲ್ಲ. ಮೂವತ್ತನಾಲ್ಕು ವರ್ಷ ವಕೀಲರ ಗುಮಾಸ್ತನಾಗಿದ್ದವನು. ಕೋರ್ಟ್ ಫೀ ಕಟ್ಟುವುದು, ನಕಲು ಅರ್ಜಿ ಹಾಕುವುದು, ಡೈರಿಯಲ್ಲಿ ಮುಂದಿನ ದಿನಾಂಕ ಬರೆಯುವುದು, ಕಕ್ಷಿದಾರರಿಗೆ ಬಸ್ಸಿನ ಹೊತ್ತು ಹೇಳುವುದು, ಇದು ನನ್ನ ವಿದ್ಯೆ. ಶಿವಮೊಗ್ಗಕ್ಕೆ ಬರುವ ಮೊದಲು ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿದ್ದೆ. ಹೆಸರು ಬೇಡ. ಅಲ್ಲಿನ ಹಳೆಯ ಬೀದಿಯಲ್ಲಿ ಎರಡು ಸಾಲು ಮನೆಗಳ ಬೆನ್ನಿಗೆ ಒಂದು ಕನ್ಸರ್ವೆನ್ಸಿ ಗಲ್ಲಿ ಇತ್ತು. ಒಂದು ಕಾಲಕ್ಕೆ ಮಲ ಎತ್ತಿ ಸಾಗಿಸಲೆಂದು ಬಿಟ್ಟ ಜಾಗ. ಆ ಅಮಾನುಷ ಪದ್ಧತಿ ನಿಂತ ಮೇಲೆ ಖಾಲಿ ಉಳಿದಿತ್ತು. ನಮ್ಮ ಕಕ್ಷಿದಾರರು ಅದಕ್ಕೆ ಶೀಟು ಹೊದಿಸಿ ಅಡಿಕೆ ಚೀಲ ಇಟ್ಟುಕೊಂಡಿದ್ದರು. ತೆರವು ಮಾಡಿ ಎಂದು ಪುರಸಭೆಯವರು ಬಂದಾಗ ಇವರು ನಮ್ಮ ಆಫೀಸಿಗೆ ಬಂದರು. ತೆರವು ಮಾಡದಂತೆ ಶಾಶ್ವತ ನಿರ್ಬಂಧಕಾಜ್ಞೆ ಕೋರಿ ದಾವೆ ಹೂಡಿದೆವು. ಅದಕ್ಕೂ ಮೊದಲು ಕೊಡಬೇಕಾದ ನೋಟಿಸನ್ನೂ ಕೊಟ್ಟಿದ್ದೆವು. ನೋಟಿಸಿಗೆ ಉತ್ತರವಿಲ್ಲ. ಸಮನ್ಸ್ ಜಾರಿಯಾಯಿತು, ವಕಾಲತ್ತಿಲ್ಲ. ವಾಯಿದೆಯ ದಿನ ಜವಾನ ವರಾಂಡಕ್ಕೆ ಬಂದು ಪ್ರತಿವಾದಿಯ ಹೆಸರನ್ನು ಮೂರು ಸಲ ಕೂಗಿದ. ಪ್ರತಿವಾದಿ ಎಂದರೆ ಪುರಸಭೆ. ಪುರಸಭೆ ಎಂದರೆ ಆ ಊರು. ಯಾರೂ ಬರಲಿಲ್ಲ. ನಮ್ಮ ಸಾಕ್ಷಿಗೆ ಪಾಟಿ ಸವಾಲು ಹಾಕುವವರಿಲ್ಲದೆ ಏಕಪಕ್ಷೀಯ ಡಿಕ್ರಿಯಾಯಿತು. ದೃಢೀಕೃತ ನಕಲು ತಂದುಕೊಟ್ಟಾಗ ಕಕ್ಷಿದಾರರು ನನ್ನ ಕೈಗೆ ಐವತ್ತು ರೂಪಾಯಿ ಇಟ್ಟರು. ತೆಗೆದುಕೊಂಡೆ.

ಎಷ್ಟೋ ದಿನಗಳ ಮೇಲೆ ಅಲ್ಲಿನ ನೌಕರರೊಬ್ಬರು ಚಹಾದಂಗಡಿಯಲ್ಲಿ ಸಿಕ್ಕಾಗ ಕೇಳಿದೆ. ಅವರು ಕಡತದ ಯಾತ್ರೆ ವಿವರಿಸಿದರು. ನೋಟಿಸಿಗೆ ಆವಕದಲ್ಲಿ ಮುದ್ರೆ ಬಿದ್ದಿತ್ತು. ‘ಗಲ್ಲಿ’ ಎಂಬ ಶಬ್ದ ಇದ್ದುದರಿಂದ ಎಂಜಿನಿಯರ್ ಶಾಖೆಗೆ ಹೋಯಿತು. ಅವರು ‘ಕಾನೂನು ಸಲಹೆಗಾರರ ಗಮನಕ್ಕೆ’ ಎಂದು ಷರಾ ಬರೆದರು. ಅಷ್ಟರಲ್ಲಿ ಅಧ್ಯಕ್ಷರು ಬದಲಾಗಿ ಸಲಹೆಗಾರರೂ ಬದಲಾಗಿದ್ದರು. ಹಳಬರಿಗೆ ಶುಲ್ಕ ಬಾಕಿ ಇತ್ತು, ಅವರು ಕಡತಗಳನ್ನು ಮರಳಿಸಿರಲಿಲ್ಲ. ಹೊಸಬರಿಗೆ ಈ ಕೇಸು ಇದೆಯೆಂದೇ ಗೊತ್ತಿರಲಿಲ್ಲ. ಸಮನ್ಸಿನ ಪ್ರತಿ ಅಲ್ಮಾರಿಯಲ್ಲಿ ಬೂಸ್ಟು ಹಿಡಿದು ಕೂತಿತ್ತು. “ಯಾರದು ತಪ್ಪು ಎನ್ನೋಣ ಮಾರಾಯರೇ? ಎಲ್ಲರೂ ಸಹಿ ಹಾಕಿದ್ದಾರಲ್ಲ!” ಎಂದರು.

ಮುಂದೆ ಆ ಬೀದಿಗೆ ಒಳಚರಂಡಿ ಬಂದಾಗ ಕೊಳವೆ ಗಲ್ಲಿಯಲ್ಲಿ ನೇರವಾಗಿ ಇಳಿಯಬೇಕಿತ್ತು. ಕೋರ್ಟಿನ ಆಜ್ಞೆ ಇದೆ ಎಂದು ಬಳಸಿಕೊಂಡು ಒಯ್ದರು. ವಾಟ ಸಿಗಲಿಲ್ಲ. ಮಳೆಗಾಲದಲ್ಲಿ ಆ ಸಾಲಿನ ಬಚ್ಚಲುಗಳಿಗೆ ಕೊಳಚೆ ಹಿಂದಕ್ಕೆ ನುಗ್ಗುತ್ತದೆ. ನಮ್ಮ ಕಕ್ಷಿದಾರರ ಬಚ್ಚಲಿಗೂ.

ಸೊಸೆಗೆ ನಾನು ಹೇಳಿದ್ದು ಇದನ್ನೇ. ಊರಿನ ವಕೀಲ ಎಂದರೆ ಮೊದಲು ಬೆಳಿಗ್ಗೆ ಹತ್ತೂವರೆಗೆ ಡೈರಿ ತೆರೆದು ಕೂರುವ ಒಬ್ಬ ಮನುಷ್ಯ ಬೇಕು. ಯಾವ ನೋಟಿಸು ಯಾವತ್ತು ಬಂತು, ಯಾವುದಕ್ಕೆ ಕಂಡಿಕೆವಾರು ಉತ್ತರ ಸಿದ್ಧವಾಗಬೇಕು, ಯಾವ ಪ್ಯಾನೆಲ್ ವಕೀಲರಿಗೆ ಯಾವ ದಾಖಲೆ ತಲುಪಿಲ್ಲ ಎಂದು ನೋಡುವವರು. ಸಮನ್ಸ್ ಬಂದ ಮೇಲೆ ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸಲು 30 ದಿನ, ಹೆಚ್ಚೆಂದರೆ 90. ಏಕಪಕ್ಷೀಯ ಡಿಕ್ರಿ ರದ್ದುಪಡಿಸಿ ಎಂದು ಕೇಳಲು 30 ದಿನ. ಒತ್ತುವರಿ ತೆರವಿಗೆ ಹೋಗುವ ಮುಂಚೆ ಎದುರಿನವರು ತಡೆ ತರಬಹುದು ಎಂಬ ಅನುಮಾನವಿದ್ದರೆ ಕೇವಿಯಟ್, ಅಂದರೆ ನಮ್ಮನ್ನು ಕೇಳದೆ ತಡೆ ಕೊಡಬೇಡಿ ಎಂಬ ಅರ್ಜಿ, ಹಾಕಿಡಬೇಕು. ಅದಕ್ಕೂ 90 ದಿನವಷ್ಟೇ ಆಯುಸ್ಸು, ಮರೆತರೆ ಹೋಯಿತು. ‘ಸರ್ಕಾರಿ ಕೆಲಸ, ಕಡತ ಮೇಜಿಂದ ಮೇಜಿಗೆ ಹೋಗುವಷ್ಟರಲ್ಲಿ ತಡವಾಯಿತು’ ಎನ್ನುವ ನೆಪವೂ ಈಗ ನಡೆಯುವುದಿಲ್ಲ. ಅಂಚೆ ಇಲಾಖೆ 427 ದಿನ ತಡವಾಗಿ ತಂದ ಮೇಲ್ಮನವಿಯನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕಾಲಮಿತಿಯ ಕಾನೂನು ಸರ್ಕಾರಕ್ಕೂ ಒಂದೇ ಎಂದಿತು.

ರಿಟ್ ಅರ್ಜಿಯಾದರೆ ಇನ್ನೊಂದು ಫಜೀತಿ. ಅದು ಹೈಕೋರ್ಟಿಗೆ ಹೋಗುತ್ತದೆ. ನಮ್ಮ ಜಿಲ್ಲೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಸೇರಿಲ್ಲ, ಎಲ್ಲವೂ ಬೆಂಗಳೂರಿನ ಪ್ರಧಾನ ಪೀಠಕ್ಕೆ. ರಾತ್ರಿ ರೈಲಿನಲ್ಲಿ ಮೂಲ ಕಡತವನ್ನು ಮಡಿಲಲ್ಲಿಟ್ಟುಕೊಂಡು ಹೋಗುವ ನೌಕರರನ್ನು ನೋಡಿದ್ದೇನೆ, ಕೂಸನ್ನು ಹಿಡಿದಂತೆ ಹಿಡಿದಿರುತ್ತಾರೆ. ಬೆಳಿಗ್ಗೆ ಅಲ್ಲಿನ ವಕೀಲರಿಗೆ ಗಲ್ಲಿ ಎಲ್ಲಿದೆ, ರಾಜಕಾಲುವೆ ಯಾವ ಕಡೆ ಹರಿಯುತ್ತದೆ ಎಂದು ವಿವರಿಸಬೇಕು. 2019ರ ಆಗಸ್ಟಿನಲ್ಲಿ ತುಂಗೆ ಊರೊಳಗೆ ಬಂದದ್ದನ್ನು ಕಣ್ಣಾರೆ ಕಂಡವರು ಹೇಳುವುದಕ್ಕೂ ನಕ್ಷೆ ನೋಡಿ ಹೇಳುವುದಕ್ಕೂ ವ್ಯತ್ಯಾಸವಿದೆಯಲ್ಲ?

ಆಸ್ತಿಯ ಮಾತು ಬಂದಾಗ ಸೊಸೆಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿ ಸ್ವಲ್ಪ ಬೀಗಿದೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಸಾರ್ವಜನಿಕ ರಸ್ತೆ ಕೈತಪ್ಪಿದರೆ ಅದನ್ನು ಮರಳಿ ಪಡೆಯಲು ಸ್ಥಳೀಯ ಸಂಸ್ಥೆಗೆ 30 ವರ್ಷ ಕಾಲಾವಕಾಶವಿದೆ. ರಸ್ತೆಯಲ್ಲದ ಬೇರೆ ನಿವೇಶನ, ಮಳಿಗೆಯ ಜಾಗವಾದರೆ ಆ ಔದಾರ್ಯವಿಲ್ಲ, ನಮ್ಮ ನಿಮ್ಮಂತೆ 12 ವರ್ಷ. ಹಾಗಾಗಿ ಊರಿನ ಆಸ್ತಿ ವಹಿಯನ್ನು ವರ್ಷಕ್ಕೊಮ್ಮೆಯಾದರೂ ತೆರೆದು ನೋಡುವುದು ಕಾನೂನು ಅಧಿಕಾರಿಯ ಕೆಲಸವೇ ಎಂದು ನನ್ನ ವಾದ. ಹದಿನೇಳನೆಯ ಶತಮಾನದಲ್ಲಿ ಗದ್ದೆ ತೋಟಗಳ ಫಸಲು ನೋಡಿ ಕಂದಾಯ ಗೊತ್ತುಮಾಡಿದ ‘ಶಿವಪ್ಪನಾಯಕನ ಶಿಸ್ತು’ ನಮ್ಮದೆಂದು ಭಾಷಣಗಳಲ್ಲಿ ಎದೆ ತಟ್ಟಿಕೊಳ್ಳುತ್ತೇವೆ. ವಾರ್ಡಿನ ಪಾರ್ಕ್ ಎಷ್ಟು ಗುಂಟೆ ಎಂದು ಕೇಳಿದರೆ ಮುಖ ಮುಖ ನೋಡುತ್ತೇವೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ವಕೀಲರನ್ನು ಕರೆಯುವುದೇ ನಮ್ಮ ರೂಢಿ.

ಇಷ್ಟೆಲ್ಲ ಗುಮಾಸ್ತಿಕೆಯಾಯಿತು. ನಿಜವಾಗಿ ಕಷ್ಟವಿರುವುದು ಬೇರೆ ಕಡೆ: ಈ ವಕೀಲರ ಕಕ್ಷಿದಾರರು ಯಾರು?

ಮೇಯರ್? ಆಯುಕ್ತರು? ಸಂಬಳಕ್ಕೆ ಸಹಿ ಹಾಕುವವರು ಆಯುಕ್ತರು, ಸಿಟ್ಟಾದರೆ ತೊಂದರೆ ಕೊಡಬಲ್ಲವರು ಮೇಯರ್. ಶಿವಮೊಗ್ಗದಲ್ಲಿ 2018ರಲ್ಲಿ 35 ವಾರ್ಡ್‌ಗಳಿಗೆ ಚುನಾವಣೆ ನಡೆಯಿತು. ಆ ಸದಸ್ಯರ ಅವಧಿ 2023ರಲ್ಲಿ ಮುಗಿದು ಅಧಿಕಾರ ಆಡಳಿತಾಧಿಕಾರಿಯ ಕೈಗೆ ಹೋಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಎನ್ನುತ್ತದೆ ಸಂವಿಧಾನದ 243-ಯು ವಿಧಿ. ಕೌನ್ಸಿಲ್ ಸಭಾಂಗಣ ಖಾಲಿ ಇರುವಾಗ ಊರಿನ ಪರವಾಗಿ ‘ಹೀಗೆ ಮಾಡಿ’ ಎಂದು ವಕೀಲರಿಗೆ ಹೇಳುವವರು ಯಾರು? ಅಮೆರಿಕದ ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೋದಂಥ ನಗರಗಳಲ್ಲಿ ಸಿಟಿ ಅಟಾರ್ನಿಯನ್ನು ಜನರೇ ಮತ ಹಾಕಿ ಆರಿಸುತ್ತಾರೆ. ನಮ್ಮಲ್ಲಿ ಅದು ಬೇಡ. ಇರುವ ಚುನಾವಣೆಗಳ ಫ್ಲೆಕ್ಸ್‌ಗಳೇ ಸಾಕಾಗಿವೆ. ಆದರೆ ಆ ಏರ್ಪಾಡಿನ ಹಿಂದಿರುವ ಆಲೋಚನೆ ನನಗೆ ಇಷ್ಟ. ಆ ವಕೀಲರು ಕುರ್ಚಿಯಲ್ಲಿ ಕೂತವರ ವಕೀಲರಲ್ಲ, ಊರಿನ ವಕೀಲರು.

ಇದು ಗೊತ್ತಾಗುವುದು ಟಿಪ್ಪಣಿ ಹಾಳೆಯಲ್ಲಿ ‘ಬೇಡ’ ಎಂದು ಬರೆಯಬೇಕಾದಾಗ. ನಾನು ಬಲ್ಲ ಒಬ್ಬರು ಕಾನೂನು ಅಧಿಕಾರಿಯಾಗಿದ್ದರು. ಯಾವ ಊರು ಎಂದು ಹೇಳುವುದಿಲ್ಲ, ಘಟ್ಟದ ಮೇಲೋ ಕೆಳಗೋ ಎಂದೂ ಕೇಳಬೇಡಿ. ಜಾತ್ರೆಗೆ ನಾಲ್ಕು ದಿನ ಇರುವಾಗ ಬಸ್ ನಿಲ್ದಾಣದ ಪಕ್ಕದ ಹೂವು ಹಣ್ಣಿನ ಗಾಡಿಗಳನ್ನು ಬೆಳಗಾಗುವುದರೊಳಗೆ ಎತ್ತಿಸಬೇಕೆಂದು ಮೇಲಿನಿಂದ ಮಾತು ಬಂತು. ಮೌಖಿಕ ಆದೇಶ. ಇಂಥ ಆದೇಶಗಳು ಯಾವಾಗಲೂ ಮೌಖಿಕವೇ. ಈ ಮನುಷ್ಯ ಕಡತ ತರಿಸಿ ಮೂರು ಸಾಲು ಬರೆದರು: ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆಯಂತೆ ಸಮೀಕ್ಷೆ ಮುಗಿಯದೆ ಎಬ್ಬಿಸುವಂತಿಲ್ಲ, ಎಬ್ಬಿಸುವುದಾದರೂ 30 ದಿನಗಳ ನೋಟಿಸ್ ಬೇಕು, ಎರಡೂ ಆಗಿಲ್ಲವಾದ್ದರಿಂದ ತೆರವು ಸಲ್ಲದು. ಕೆಳಗೆ ಸಹಿ, ದಿನಾಂಕ. ಬರಹ ಕಡತಕ್ಕೆ ಬಿದ್ದ ಮೇಲೆ ಜೆಸಿಬಿ ಹೊರಡಿಸಲು ಯಾರಿಗೂ ಕೈ ಏಳಲಿಲ್ಲ.

ಈಗಂತೂ ಇದು ಅಧಿಕಾರಿಗಳ ಜೇಬಿಗೂ ತಾಗುವ ವಿಷಯ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಹೇಳಿದ್ದನ್ನು ನೆನಪಿಸಿಕೊಳ್ಳಿ. ಕಟ್ಟಡ ಕೆಡವುವ ಮೊದಲು ಕನಿಷ್ಠ 15 ದಿನಗಳ ನೋಟಿಸ್ ಕೊಡಬೇಕು. ನಿರ್ದೇಶನ ಮೀರಿ ಕೆಡವಿದರೆ ಸಂಬಂಧಪಟ್ಟ ಅಧಿಕಾರಿ ಸ್ವಂತ ಖರ್ಚಿನಿಂದ ಕಟ್ಟಿಕೊಡಬೇಕಾದೀತು. ಹಾಗೆಂದು ರಸ್ತೆ, ಫುಟ್‌ಪಾತ್, ನದಿ, ಕೆರೆಯ ಮೇಲೆ ಅಕ್ರಮವಾಗಿ ಎದ್ದ ಕಟ್ಟಡಕ್ಕೆ ಆ ರಕ್ಷಣೆ ಸಿಗುವುದಿಲ್ಲ. ಸ್ವಂತ ನಿವೇಶನದಲ್ಲಿ ನಕ್ಷೆ ಮೀರಿ ಕಟ್ಟಿದ ಮಹಡಿಗೆ ಪೌರ ನಿಗಮಗಳ 1976ರ ಕಾಯ್ದೆಯ 321ನೇ ಕಲಮಿನಂತೆ ಮೊದಲು ತಾತ್ಕಾಲಿಕ ಆದೇಶ, ಆಮೇಲೆ ಕಾರಣ ಕೇಳಿ ನೋಟಿಸ್, ಕೊನೆಗೆ ಸ್ಥಿರೀಕರಣ. ಹೂವಿನ ಗಾಡಿಗೆ ಒಂದು ದಾರಿ, ಮಹಡಿಗೆ ಒಂದು ದಾರಿ, ರಾಜಕಾಲುವೆಯ ಮೇಲಿನ ಗೋಡೆಗೆ ಇನ್ನೊಂದು ದಾರಿ. ಬೆಳಿಗ್ಗೆ ಏಳು ಗಂಟೆಗೆ ಜೆಸಿಬಿಯ ಎದುರು ನಿಂತ ಕಿರಿಯ ಎಂಜಿನಿಯರಿಗೆ ಇದರಲ್ಲಿ ಯಾವುದು ಎಂದು ಯಾರಾದರೂ ಹಿಂದಿನ ದಿನವೇ ಹೇಳಿರಬೇಕು.

‘ಬೇಡ’ ಎನ್ನಬೇಕಾದ ಇನ್ನೊಂದು ಸಂದರ್ಭ ನನಗೆ ಇದಕ್ಕಿಂತ ಮುಖ್ಯ. ಮೇಲ್ಮನವಿ ಬೇಡ ಎನ್ನುವುದು. ಸೋತ ಕೇಸಿಗೆಲ್ಲ ‘ಮೇಲ್ಮನವಿ ಸಲ್ಲಿಸಬಹುದು’ ಎಂದು ಬರೆದುಬಿಡುವುದು ಸುಲಭ, ನಾಳೆ ಆಡಿಟ್‌ನವರು ಕೇಳುವುದಿಲ್ಲ. ನಿವೃತ್ತ ಪೌರಕಾರ್ಮಿಕರೊಬ್ಬರು ಗ್ರಾಚ್ಯುಟಿ ಹಣಕ್ಕಾಗಿ ಗೆದ್ದ ಆದೇಶವನ್ನು ಹೈಕೋರ್ಟಿನವರೆಗೆ ಎಳೆದು, ಆ ಹಣಕ್ಕಿಂತ ಹೆಚ್ಚು ವಕೀಲರ ಶುಲ್ಕಕ್ಕೆ ಸುರಿದ ಸಂಸ್ಥೆಯೊಂದನ್ನು ನಾನು ಬಲ್ಲೆ. ಬೆಳಗಿನ ಜಾವ ಎದ್ದು ಊರು ಗುಡಿಸಿದ ಮನುಷ್ಯನ ವಿರುದ್ಧ ಊರಿನದೇ ತೆರಿಗೆ ಹಣ. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಸೋಲೊಪ್ಪಿಕೊಂಡು ಹಣ ಕೊಟ್ಟುಬಿಡಿ ಎಂದು ಬರೆಯಲು ಕಾನೂನಿನ ತಿಳಿವಳಿಕೆಗಿಂತ ಗುಂಡಿಗೆ ಹೆಚ್ಚು ಬೇಕು.

ಮಧ್ಯಪ್ರದೇಶದ ರತ್ಲಾಮ್ ಪುರಸಭೆ ಇಂಥದ್ದೇ ಹಟ ಮಾಡಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಬಡಾವಣೆಯ ಜನ ಚರಂಡಿ ಕೇಳಿದ್ದರು, ಮ್ಯಾಜಿಸ್ಟ್ರೇಟರು ಮಾಡಿಕೊಡಿ ಎಂದಿದ್ದರು, ಪುರಸಭೆ ದುಡ್ಡಿಲ್ಲ ಎಂದಿತು. ದುಡ್ಡಿಲ್ಲವೆಂಬುದು ಕರ್ತವ್ಯ ತಪ್ಪಿಸಿಕೊಳ್ಳಲು ನೆಪವಾಗದು ಎಂದು 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ತೀರ್ಪು ಬಂತು. ಆ ವ್ಯಾಜ್ಯ ಓದಿದಾಗಲೆಲ್ಲ ನನಗೊಂದು ಕುತೂಹಲ: ದೆಹಲಿಗೆ ಹೋಗಿಬರುವ ಖರ್ಚಿನಲ್ಲಿ ಎಷ್ಟು ಗಜ ಚರಂಡಿ ಆಗುತ್ತಿತ್ತು?

ಇಷ್ಟು ಕೇಳಿಸಿಕೊಳ್ಳುವಷ್ಟರಲ್ಲಿ ಎರಡು ಸುತ್ತು ಕಾಫಿಯಾಗಿತ್ತು. ಹೆಂಡತಿ ಹಲಸಿನ ಹಪ್ಪಳ ಕರಿದು ತಂದಿಟ್ಟು ಅಲ್ಲೇ ಕೂತಿದ್ದಳು. ಬ್ಯಾಂಕ್ ಪರೀಕ್ಷೆಯ ಮಾತು ಮತ್ತೆ ಎತ್ತಲಿಲ್ಲ. ಸೊಸೆ ಹಪ್ಪಳ ಮುರಿಯುತ್ತಾ ಕೇಳಿದಳು: “ಜಾತ್ರೆಯ ಹೊತ್ತಿಗೆ ಮೂರು ಸಾಲು ಬರೆದರಲ್ಲ ಮಾವ, ಅವರು ಆಮೇಲೆ ಏನಾದರು?”

ಸುಳ್ಳು ಹೇಳಬಹುದಿತ್ತು. “ಆರು ತಿಂಗಳಿಗೆ ಎತ್ತಂಗಡಿಯಾಯಿತು. ಮಕ್ಕಳ ಶಾಲೆ ನಡುವಿನಲ್ಲಿತ್ತು, ಬಹಳ ಒದ್ದಾಡಿದರು” ಎಂದೆ.

“ಗಾಡಿಗಳು?”

“ಈಗಲೂ ಅಲ್ಲೇ ಇವೆ. ಹೋದ ತಿಂಗಳು ಆ ಕಡೆ ಹೋಗಿದ್ದಾಗ ಸೇವಂತಿಗೆ ತಂದೆ.”

ಅವಳು ಏನೂ ಹೇಳದೆ ಮೊಬೈಲ್ ತೆಗೆದು ಅಧಿಸೂಚನೆಯನ್ನು ಇನ್ನೊಮ್ಮೆ ಓದಿದಳು. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು, ಹೊರಟಳು. ಅರ್ಜಿ ಹಾಕುತ್ತಾಳೋ ಇಲ್ಲವೋ ಗೊತ್ತಿಲ್ಲ. ಶುಕ್ರವಾರ ಕೊನೆಯ ದಿನವಂತೆ. ಹಳೆಯ ಅಭ್ಯಾಸ, ನನ್ನ ಡೈರಿಯಲ್ಲಿ ಬರೆದುಕೊಂಡೆ.